ತಂಗಿಯ ತಟ್ಟೆಯಲ್ಲಿ ಎಣ್ಣೆ

ಪ್ರಿಯರೇ,

ನಿಮ್ಮ ‘ಅಜ್ಜಿಯ ಕಾವಲಿ’ ಪ್ರಬಂಧ ತಲುಪಿತು. ಭಾಷೆ ಸರಾಗವಾಗಿದೆ, ನಮ್ಮ ದಾವಣಗೆರೆಯ ಸೌದೆ ಒಲೆಯ ಹೊಗೆ ಚೆನ್ನಾಗಿ ಬಂದಿದೆ. ಸಂತೋಷ. ಆದರೆ ಒಂದು ಪದದ ವಿಷಯಕ್ಕೆ ನನಗೆ ಸಿಟ್ಟು ಬಂದಿದೆ, ಅದನ್ನಷ್ಟೇ ಬರೆಯುತ್ತೇನೆ.

ಮೊದಲ ಪುಟ: ‘ಅಜ್ಜಿಗೆ ನನ್ನ ಬಗ್ಗೆ ತುಂಬ ಪಕ್ಷಪಾತವಿತ್ತು.’ ಮೊಮ್ಮಗನ ಮೇಲೆ ಅಜ್ಜಿಗೆ ಇರುವುದು ಅಕ್ಕರೆ. ಅಕ್ಕರೆ, ಒಲವು ಎಲ್ಲ ಮನಸ್ಸಿನಲ್ಲಿ ಹುಟ್ಟಿ ಅಲ್ಲೇ ಇದ್ದುಬಿಡಬಹುದು, ಯಾರಿಗೂ ನಷ್ಟವಿಲ್ಲ. ಪಕ್ಷಪಾತವನ್ನು ಮಾಡಬೇಕು. ಅದಕ್ಕೆ ಕೈಯಲ್ಲಿ ಸೌಟಿರಬೇಕು, ಬಡಿಸುವ ಅಧಿಕಾರವಿರಬೇಕು. ಪಕ್ಷ ಎಂದರೆ ಬದಿ. ಪಾತ ಎಂದರೆ ಬೀಳುವುದು, ಜಲಪಾತ, ಉಲ್ಕಾಪಾತಗಳ ಪಾತವೇ. ಒಂದು ಬದಿಗೆ ಬೀಳಬೇಕಾದರೆ ಇನ್ನೊಂದು ಬದಿ ಇರಲೇಬೇಕಲ್ಲ?

ಎರಡನೇ ಪುಟ: ‘ಬೆಣ್ಣೆದೋಸೆಯ ಕಡೆ ನನಗೆ ಈಗಲೂ ಪಕ್ಷಪಾತವಿದೆ.’ ಯಾಕೆ, ಖಾಲಿ ದೋಸೆ ಬಂದು ನ್ಯಾಯ ಕೇಳಿತೇ? ‘ಬೆಣ್ಣೆದೋಸೆ ಅಂದರೆ ನನಗೆ ಪ್ರಾಣ’ ಅನ್ನಿ, ಮುಗಿಯಿತು.

ಇಷ್ಟೇ ಆಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಅಚ್ಚಿಗೆ ಕಳಿಸುತ್ತಿದ್ದೆ. ನಾಲ್ಕನೇ ಪುಟ ಬಿಡಲಿಲ್ಲ. ‘ನನ್ನ ದೋಸೆಯ ಮೇಲೆ ಎರಡು ಉಂಡೆ ಬೆಣ್ಣೆ. ತಂಗಿಯ ದೋಸೆಯ ಮೇಲೆ ಎಣ್ಣೆ ಮಿಂಚುತ್ತಿತ್ತು. ಅಜ್ಜಿಯ ಈ ಒಲವಿನಿಂದ ಅವಳಿಗೆ ಕೊಂಚ ಬೇಸರ.’ ಒಲವಂತೆ! ಕಣ್ಣೆದುರೇ ಪಂಕ್ತಿಭೇದ ನಡೆದಿದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಮಾತು ನೇರ ತಟ್ಟೆಗೇ ಬಂದು ಕೂತಿದೆ. ಇಡೀ ಪ್ರಬಂಧದಲ್ಲಿ ಪಕ್ಷಪಾತ ಅನ್ನುವ ಪದಕ್ಕೆ ಜಾಗವಿದ್ದದ್ದು ಇಲ್ಲಿ ಮಾತ್ರ. ಇಲ್ಲೇ ನೀವು ಒಲವು ಎಂದು ಸವರಿಬಿಟ್ಟಿದ್ದೀರಿ. ಬೆಣ್ಣೆ ತಿಂದವರು ನೀವು, ನಿಮಗೆ ಹಾಗೆ ಕಂಡಿರಬೇಕು.

ನಾನು ಇಲ್ಲಿಯ ಒಂದು ಪತ್ರಿಕೆಗೆ ಕರಡು ತಿದ್ದಲು ಸೇರಿದ್ದು ಇನ್ನೂ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ಹತ್ತಿ ವ್ಯಾಪಾರದ ವರದಿಯಲ್ಲಿ ‘ತೂಕದಲ್ಲಿ ಪಕ್ಷಪಾತ’ ಎಂದಿದ್ದರೆ ಅಲ್ಲಿದ್ದ ಹಿರಿಯರೊಬ್ಬರು ಪುಟವನ್ನೇ ತಡೆಯುತ್ತಿದ್ದರು. ‘ಯಾರ ಗಾಡಿ ಮೊದಲು ತೂಕಕ್ಕೆ ಹೋಯ್ತು? ಯಾರದ್ದು ಸಂಜೆ ತನಕ ಬಿಸಿಲಲ್ಲಿ ನಿಂತಿತ್ತು? ಕೇಳ್ಕೊಂಡು ಬಾರಪ್ಪ.’ ವರದಿಗಾರ ಬೈಕೊಳ್ಳುತ್ತಲೇ ಸೈಕಲ್ ಹತ್ತುತ್ತಿದ್ದ. ವಿವರ ಬಂದ ಮೇಲೆ ಎಷ್ಟೋ ಸಲ ಆ ಪದವನ್ನೇ ಹೊಡೆದುಹಾಕುತ್ತಿದ್ದರು. ನಿಂತ ಗಾಡಿಯ ಸುದ್ದಿ ಓದಿದರೆ ಸಾಕಿತ್ತು. ಸಂಬಳದ ದಿನವೂ ನಗದ ಮನುಷ್ಯ ಅವರು.

ಚಿತ್ರದುರ್ಗದ ಕೋಟೆಗೆ ಹೋದ ಪ್ರವಾಸದ ಪುಟಗಳು ಬೇರೆಯೇ ಪ್ರಬಂಧ, ಅದರ ಗೊಡವೆ ಈಗ ಬೇಡ. ತಂಗಿ ಆ ದೋಸೆ ತಿಂದಳೋ, ತಟ್ಟೆ ಸರಿಸಿ ಎದ್ದಳೋ, ನೀವು ಬರೆದಿಲ್ಲ. ಫೋನು ಮಾಡಿ ಕೇಳಿ. ನಾಲ್ಕನೇ ಪುಟವನ್ನು ಮತ್ತೆ ಬರೆದು ಕಳಿಸಿ, ಮುಂದಿನ ಸಂಚಿಕೆಗೆ ಆಗದಿದ್ದರೆ ಅದರಾಚೆಯದಕ್ಕೆ ನೋಡೋಣ.

ಇತಿ,
ಸಂಪಾದಕ