ಗಾಳಿ ತಿರುಗಿದಾಗ ಪಾರಿವಾಳದ ಡಿಕಾಯ್‌ಗಳನ್ನು ಹೇಗೆ ಇಡಬೇಕು?

ವಿರಾಜಪೇಟೆಯಿಂದ ಉದ್ಯೋಗಕ್ಕಾಗಿ ಇಂಗ್ಲೆಂಡಿನ ಲಿಂಕನ್‌ಶೈರಿಗೆ ಹೋಗಿರುವ ನೀವು, ಅಲ್ಲಿಯ ರೈತರೊಬ್ಬರ ರೇಪ್‌ಸೀಡ್ ಎಂಬ ಎಣ್ಣೆಕಾಳಿನ ಹೊಲವನ್ನು ವುಡ್‌ಪಿಜನ್ ಎಂಬ ಕಾಡುಪಾರಿವಾಳಗಳಿಂದ ಕಾಯಲು ಡಿಕಾಯ್ (ಹಕ್ಕಿಗಳನ್ನು ಕೋವಿಯ ಅಳತೆಗೆ ಸೆಳೆಯುವ ಪಾರಿವಾಳದ ಬೊಂಬೆ) ಇಟ್ಟು ಕೂರುವುದಾಗಿಯೂ, ಬೆಳಿಗ್ಗೆ ಇಳಿಯುತ್ತಿದ್ದ ಹಕ್ಕಿಗಳು ಗಾಳಿ ತಿರುಗಿದ ಮೇಲೆ ಬದಿಯಲ್ಲೇ ಹಾದುಹೋಗುವುದಾಗಿಯೂ ಬರೆದಿದ್ದೀರಿ. ಈಗ ನಾನು ಪೊನ್ನಂಪೇಟೆಯ ಬಳಿ ಕಾಫಿ ತೋಟ ನೋಡಿಕೊಂಡಿದ್ದರೂ, ನಾರ್ಫೋಕಿನಲ್ಲಿದ್ದ ವರ್ಷಗಳಲ್ಲಿ ಇದೇ ಕೆಲಸ ಮಾಡಿದ್ದರಿಂದ ಉತ್ತರಿಸುತ್ತಿದ್ದೇನೆ.

ಊರಿನಲ್ಲಿ ಇದನ್ನು ಓದುವವರಿಗೆ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಬೆಳೆಹಾನಿ ತಡೆಯಲು ಸರ್ಕಾರ ಎಲ್ಲರಿಗೂ ಅನ್ವಯವಾಗುವಂತೆ ಕೊಡುವ ಜನರಲ್ ಲೈಸೆನ್ಸ್ ಎಂಬ ಅನುಮತಿಯ ಷರತ್ತುಗಳಿಗೆ ಒಳಪಟ್ಟು, ಜಮೀನಿನವರ ಒಪ್ಪಿಗೆಯೊಂದಿಗೆ ಈ ಹಕ್ಕಿಯನ್ನು ಹೊಡೆಯಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ಬೇಟೆಗಲ್ಲ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ನಮ್ಮ ನೀಲಗಿರಿ ಕಾಡುಪಾರಿವಾಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದರತ್ತ ಕೋವಿ ಎತ್ತುವಂತಿಲ್ಲ.

ಪಾರಿವಾಳ ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಆದ್ದರಿಂದ ಡಿಕಾಯ್‌ಗಳನ್ನು ಕುದುರೆಲಾಳದ ಆಕಾರದಲ್ಲಿಟ್ಟು, ಅದರ ತೆರೆದ ಬಾಯಿ ಗಾಳಿ ಹೋಗುವ ಕಡೆಗೆ ಬರುವಂತೆ ನೋಡಿಕೊಳ್ಳಬೇಕು. ಹಕ್ಕಿ ಆ ಬಾಯಿಯಿಂದ ಒಳಬಂದು ನಡುವಿನ ಖಾಲಿ ಜಾಗದಲ್ಲಿ ಇಳಿಯಲು ನೋಡುತ್ತದೆ. ಆ ಖಾಲಿ ಜಾಗ ನೀವು ಅಡಗಿ ಕೂರುವ ಮರೆಯಿಂದ 20ರಿಂದ 25 ಗಜ ದೂರದಲ್ಲಿರಲಿ. ಗಾಳಿ ನಿಮ್ಮ ಬೆನ್ನಿನಿಂದ, ಅದಕ್ಕಿಂತಲೂ ಒಂದು ಭುಜದ ಹಿಂದಿನಿಂದ ಓರೆಯಾಗಿ ಬೀಸಿದರೆ ಅನುಕೂಲ. ಮುಖಕ್ಕೇ ಬೀಸುತ್ತಿದ್ದರೆ ಹಕ್ಕಿಗಳು ನಿಮ್ಮ ತಲೆಯ ಮೇಲಿನಿಂದ ಬಂದು ಮರೆಯನ್ನು ಕಂಡು ಚದುರುತ್ತವೆ. ಆಗ ಬೇರೆ ಬೇಲಿಸಾಲಿಗೆ ಹೋಗುವುದೇ ಸರಿ.

ನಿಮಗೆ ಎದುರಾದ ತೊಂದರೆ ಬಹುಶಃ ಇದು: ಗಾಳಿ ತಿರುಗಿತು, ಲಾಳದ ಬಾಯಿ ಹಳೆಯ ದಿಕ್ಕಿನಲ್ಲೇ ಉಳಿಯಿತು. ಎಲ್ಲವನ್ನೂ ಕಿತ್ತು ಹೊಸದಾಗಿ ಇಡಬೇಕಾಗಿಲ್ಲ. ಗಾಳಿ ಈಗ ಹೋಗುತ್ತಿರುವ ಕಡೆಯಲ್ಲಿ ದಾರಿಗೆ ಅಡ್ಡವಾಗಿರುವ ಐದಾರು ಬೊಂಬೆಗಳನ್ನು ತೆಗೆದು, ಹಳೆಯ ಬಾಯಿಯನ್ನು ಅವುಗಳಿಂದ ಮುಚ್ಚಿದರೆ ಲಾಳವೇ ತಿರುಗಿದಂತಾಗುತ್ತದೆ. ಉಳಿದವುಗಳ ಮುಖವನ್ನು ಮಾತ್ರ ಗಾಳಿಯ ಕಡೆಗೆ ಹೊರಳಿಸಿ. ಸರಿಯಾಗಿದ್ದರೆ ಮುಂದೆ ಬರುವ ಹಕ್ಕಿ ರೆಕ್ಕೆ ಬಡಿಯುವುದನ್ನು ನಿಲ್ಲಿಸಿ, ಬಾಲ ಬಿಚ್ಚಿ, ಕಾಲು ಇಳಿಬಿಟ್ಟು ಖಾಲಿ ಜಾಗಕ್ಕೇ ತೇಲಿ ಬರುತ್ತದೆ. ಒಂದು ಅಂಚಿನ ಹೊರಗೇ ಮತ್ತೆ ಮತ್ತೆ ಇಳಿಯುತ್ತಿದ್ದರೆ ಹಕ್ಕಿಯೊಡನೆ ಹಟ ಬೇಡ, ಖಾಲಿ ಜಾಗವನ್ನೇ ಅತ್ತ ಸರಿಸಿ.

ಬೇಲಿಯ ಮರೆಯಲ್ಲಿ ಕುಳಿತವರಿಗೆ ಗಾಳಿ ತಿರುಗಿದ್ದು ಗೊತ್ತೇ ಆಗುವುದಿಲ್ಲ, ಕಾಫಿ ತೋಟದ ನೆರಳಿನಲ್ಲಿ ನಿಂತವನಿಗೆ ಗದ್ದೆಬಯಲಿನ ಗಾಳಿ ತಿಳಿಯದ ಹಾಗೆ. ಆದ್ದರಿಂದ ನಾನು ಹೊಲದೊಳಗೆ ಒಂದು ತೆಳು ಕಡ್ಡಿ ನೆಟ್ಟು, ಅದರ ತುದಿಗೆ ಗೇಣುದ್ದ ಉಣ್ಣೆಯ ದಾರ ಕಟ್ಟುತ್ತಿದ್ದೆ. ಹಕ್ಕಿಗಳು ಬರುವುದು ಕಡಿಮೆಯಾದಾಗ ನಾನು ಮೊದಲು ನೋಡುತ್ತಿದ್ದುದು ಆ ದಾರವನ್ನು.

ಜೋರು ಗಾಳಿಯಲ್ಲಿ ಹೊಟ್ಟೆ ಟೊಳ್ಳಾದ ಚಿಪ್ಪಿನ ಡಿಕಾಯ್‌ಗಳು ಕಡ್ಡಿಯ ಮೇಲೆ ಗಿರಗಿರನೆ ತಿರುಗಿ ಹಕ್ಕಿಗಳನ್ನು ಹೆದರಿಸುತ್ತವೆ. ಕಡ್ಡಿಯನ್ನು ಆಳಕ್ಕೆ ಒತ್ತಿ ಅವುಗಳನ್ನು ನೆಲಕ್ಕೆ ತಗ್ಗಿಸಿ, ಇಲ್ಲವೇ ತುಂಬು ದೇಹದವನ್ನು ಬಳಸಿ. ಆಗ ಎಲ್ಲವೂ ಹೆಚ್ಚುಕಡಿಮೆ ಗಾಳಿಗೇ ಮುಖಮಾಡಿರಲಿ. ಎಳೆಗಾಳಿಯಲ್ಲಿ ಮೇಯುವ ಹಕ್ಕಿಗಳು ಅತ್ತಿತ್ತ ತಿರುಗಿರುತ್ತವೆಯಾದ್ದರಿಂದ ಅಷ್ಟು ಶಿಸ್ತು ಬೇಡ. ಎರಡು ಬೊಂಬೆಗಳ ನಡುವೆ ಎರಡು ಗಜವಾದರೂ ಅಂತರವಿರಬೇಕು, ಏಕೆಂದರೆ ಒತ್ತೊತ್ತಾಗಿ ನಿಂತ ಹಿಂಡು ಹಾರಲು ಸಿದ್ಧವಾದಂತೆ ಕಾಣುತ್ತದೆ. ಉದ್ದ ತೋಳುಗಳ ತುದಿಯಲ್ಲಿ ಹಕ್ಕಿಗಳನ್ನಿಟ್ಟು ಹಾರುವಂತೆ ಸುತ್ತಿಸುವ ಮ್ಯಾಗ್ನೆಟ್ ಎಂಬ ಯಂತ್ರ ಗಾಳಿಯಿಲ್ಲದ ದಿನ ತುಂಬ ಉಪಕಾರಿ. ಬಿರುಗಾಳಿಯಲ್ಲಿ ನಾನು ಅದನ್ನು ತೆಗೆದಿಡುತ್ತಿದ್ದೆ, ಬಳುಕುವ ಉದ್ದ ಕಡ್ಡಿಯ ಮೇಲೆ ರೆಕ್ಕೆ ಬಿಚ್ಚಿಟ್ಟ ಒಂದೆರಡು ಸತ್ತ ಹಕ್ಕಿಗಳೇ ಸಾಕಾಗುತ್ತಿದ್ದವು. ಬಿದ್ದ ಹಕ್ಕಿಗಳ ರೆಕ್ಕೆಯ ಬಿಳಿ ಪಟ್ಟೆ ನೆಲದ ಮೇಲೆ ಕಾಣುತ್ತಿದ್ದರೆ ಉಳಿದವು ಬೆದರುತ್ತವೆ. ಅವುಗಳನ್ನು ಹೊಟ್ಟೆ ಕೆಳಗಾಗಿ ಕೂರಿಸಿ.

ಲಾಳವನ್ನು ತಿರುಗಿಸಿದೊಡನೆ ನೀವು ಗುಂಡು ಹಾರಿಸುವ ದಿಕ್ಕೂ ತಿರುಗುತ್ತದೆ. ಬೆಳಿಗ್ಗೆ ನೋಡಿಟ್ಟಿದ್ದ ಲೆಕ್ಕ ಮಧ್ಯಾಹ್ನಕ್ಕೆ ಸಲ್ಲದು. ಆ ಹೊಲಗಳ ನಡುವೆ ಯಾರು ಬೇಕಾದರೂ ನಡೆಯಬಹುದಾದ ಕಾಲುದಾರಿಗಳಿರುವುದರಿಂದ, ಬೊಂಬೆ ಸರಿಸಲು ಏಳುವ ಮೊದಲು ಕೋವಿಯಿಂದ ತೋಟಾ ತೆಗೆಯಿರಿ. ಮರಳಿ ಕೂರುವ ಮೊದಲು ಹೊಸ ದಿಕ್ಕಿನಲ್ಲಿ ದಾರಿ, ಮನೆ, ಜಾನುವಾರು ಏನಿದೆ ಎಂದು ಎದ್ದು ನಿಂತು ನೋಡಿಕೊಳ್ಳಿ.