ಚಾಟ್ಸ್‌ವರ್ತ್ ಹೌಸ್‌ಗೆ ಒಂದೇ ದಿನ ಇದ್ದರೆ ಮನೆ ಮೊದಲೋ, ತೋಟ ಮೊದಲೋ?

ಮಳೆ ಇಲ್ಲದಿದ್ದರೆ ತೋಟವೇ ಮೊದಲು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಈ ಮನೆ ಡೆವನ್‌ಶೈರ್ ಡ್ಯೂಕರ ಮನೆತನದ್ದು. ಒಳಗಿನ ಚಿತ್ರಿತ ಚಾವಣಿಗಳನ್ನೂ ಶಿಲ್ಪಗಳನ್ನೂ ಮಧ್ಯಾಹ್ನ ನೋಡಬಹುದು. 105 ಎಕರೆಯ ತೋಟದಲ್ಲಿ ಎಂಪರರ್ ಕಾರಂಜಿಯ ಮುಂದೆ ಸಾವಕಾಶವಾಗಿ ನಿಲ್ಲಿ. ರಷ್ಯದ ಚಕ್ರವರ್ತಿ ಒಂದನೆಯ ನಿಕೋಲಸ್ ಬರುವನೆಂದು ಇಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1844ರಲ್ಲಿ ಇದನ್ನು ಕಟ್ಟಿಸಿದ. ಚಕ್ರವರ್ತಿ ಬರಲೇ ಇಲ್ಲ. ಇದಕ್ಕೆ ಪಂಪ್ ಬೇಕಿಲ್ಲ. ಮೇಲಿನ ಗುಡ್ಡದಲ್ಲಿ ಕೆರೆ ತೋಡಿ, ಕೊಳವೆಯಲ್ಲಿ ಇಳಿಸಿದ ನೀರು ತನ್ನ ಒತ್ತಡದಿಂದಲೇ ಆಕಾಶಕ್ಕೆ ಚಿಮ್ಮುತ್ತದೆ. ನನಗಂತೂ ಅರಮನೆಯ ಚಿನ್ನದ ಲೇಪಕ್ಕಿಂತ ಈ ಜಾಣ್ಮೆಯೇ ದೊಡ್ಡದು. ಹದಿನೆಂಟನೆಯ ಶತಮಾನದ ಉದ್ಯಾನ ವಿನ್ಯಾಸಕ ಕೇಪಬಿಲಿಟಿ ಬ್ರೌನ್ ರೂಪಿಸಿದ ಹೊರಗಿನ ಹುಲ್ಲುಗಾವಲಿನಲ್ಲಿ ನಡೆದಾಡಲು ಟಿಕೆಟ್ ಬೇಡ. ಸಂಜೆ ಡರ್ವೆಂಟ್ ನದಿಯ ಸೇತುವೆ ದಾಟಿ, ತಿರುಗಿ ಒಮ್ಮೆ ಮನೆಯನ್ನು ನೋಡಿ.