ತುಳುವಿಗೆ ಬೀಗ ಹಾಕಿದರೆ ಇಂಗ್ಲಿಷ್ ಬಂದೀತೆ?

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದಿಂದ ಓದುಗರೊಬ್ಬರು ಬರೆದಿದ್ದಾರೆ. ಮನೆಮಾತು ತುಳು, ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೆಯ ತರಗತಿ. ‘ಮನೆಯಲ್ಲಿ ತುಳು ಬಿಡಿ, ಇಲ್ಲದಿದ್ದರೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ’ ಎಂದು ಪೋಷಕರ ಸಭೆಯಲ್ಲಿ ಶಿಕ್ಷಕಿ ಹೇಳಿದ ಮೇಲೆ ಮಗುವಿನೊಡನೆ ಇಂಗ್ಲಿಷನ್ನೇ ಆಡುತ್ತಿದ್ದಾರೆ. ಇಂಗ್ಲಿಷ್ ಬಾರದ ಅತ್ತೆ ಮೊಮ್ಮಗಳೊಡನೆ ಮಾತು ಕಡಿಮೆ ಮಾಡಿದ್ದಾರೆ. ‘ನಾವು ಮಾಡುತ್ತಿರುವುದು ಸರಿಯೇ?’ ಎಂಬುದು ಪ್ರಶ್ನೆ.

ಸಂಪಾದಕರ ಉತ್ತರ: ಮಗಳಿಗೆ ಇಂಗ್ಲಿಷ್ ಬರಲೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಉದ್ಯೋಗಕ್ಕೆ ಅದು ಬೇಕು. ಪ್ರಾಥಮಿಕ ಶಾಲೆಯ ಮಾಧ್ಯಮದ ಆಯ್ಕೆ ಪೋಷಕರದೆಂದು ಸುಪ್ರೀಂ ಕೋರ್ಟೂ 2014ರಲ್ಲಿ ಹೇಳಿದೆ. ಆದರೆ ನಿಮ್ಮ ಮನೆಯ ಜಗಲಿಯ ಮೇಲೆ ಯಾವ ಮಾತು ಆಡಬೇಕೆಂದು ಅಪ್ಪಣೆ ಕೊಡುವ ಅಧಿಕಾರ ಶಾಲೆಗೆ ಎಲ್ಲಿಂದ ಬಂತು?

ಅಮೆರಿಕದ ಜನಗಣತಿಯವರು ತಮ್ಮ ಸಮೀಕ್ಷೆಯಲ್ಲಿ, ಮನೆಯಲ್ಲಿ ಇಂಗ್ಲಿಷಲ್ಲದ ಭಾಷೆ ಆಡುತ್ತೀರಾ ಎಂದು ಮೊದಲು ಕೇಳಿ, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆಂದು ಆಮೇಲೆ ಬೇರೆಯಾಗಿಯೇ ಕೇಳುತ್ತಾರೆ. ಮೊದಲನೆಯದಕ್ಕೆ ಹೌದೆಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಎರಡನೆಯ ಉತ್ತರ ‘ತುಂಬ ಚೆನ್ನಾಗಿ’. ಅಲ್ಲಿ ಬೀದಿಯಲ್ಲೂ ಇಂಗ್ಲಿಷ್ ಇದೆಯಲ್ಲ ಎನ್ನುತ್ತೀರಿ; ಸರಿ, ಹಾಸನಕ್ಕೇ ಬನ್ನಿ. 1908ರಲ್ಲಿ ಇಲ್ಲಿ ಹುಟ್ಟಿದ ರಾಜಾ ರಾವ್ ಅವರ ಮನೆಮಾತು ಕನ್ನಡ. 1938ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಕಾಂತಾಪುರ’ದಲ್ಲಿ ಕತೆ ಹೇಳುವವಳು ಹಳ್ಳಿಯ ಮುದುಕಿ, ನಿಮ್ಮ ಅತ್ತೆಯವರಂಥವಳೇ. ನಮ್ಮೂರಿನ ಬಾನು ಮುಷ್ತಾಕ್ ಅವರ ಮನೆಮಾತು ದಖ್ಖನಿ ಉರ್ದು, ಬರೆದದ್ದು ಕನ್ನಡದಲ್ಲಿ. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಆ ಕತೆಗಳಿಗೆ 2025ರ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಮನೆಯ ಮಾತು ಇವರಲ್ಲಿ ಯಾರ ಕಾಲಿಗೂ ತೊಡರಲಿಲ್ಲ.

ಮನೆಮಾತು ಬಿಟ್ಟವರ ಪಾಡನ್ನು ಕಳೆದ ತಿಂಗಳು ಸಕಲೇಶಪುರದ ಬಸ್ಸಿನಲ್ಲಿ ಕಂಡೆ. ತಾಯಿಯೊಬ್ಬರು ಮಗನಿಗೆ, ‘ವಾಟರ್ ಕುಡಿ ಪುಟ್ಟ, ಡ್ರೆಸ್ ಮೇಲೆ ಸ್ಪಿಲ್ ಮಾಡ್ಬೇಡ’ ಎಂದರು. ಹುಡುಗ ಬಾಟಲಿ ಹಿಡಿದುಕೊಂಡೇ, ‘ಸ್ಪಿಲ್ ಅಂದ್ರೆ ಏನಮ್ಮ?’ ಎಂದ. ತಾಯಿ ಕಿಟಕಿಯ ಕಡೆ ತಿರುಗಿಕೊಂಡು ‘ಸುಮ್ನೆ ಕುಡಿ’ ಎಂದರು. ‘ಚೆಲ್ಲಬೇಡ’ ಎಂದಿದ್ದರೆ ಮುಗಿಯುತ್ತಿತ್ತು, ಅಂಗಿಯೂ ಒಣಗಿರುತ್ತಿತ್ತು.

ಇಂಗ್ಲಿಷನ್ನು ನೆಟ್ಟಗೆ ಕಲಿಸಬೇಕಾದದ್ದು ಸಂಬಳ ಪಡೆಯುವ ಶಾಲೆ. ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆದು ಉರು ಹೊಡೆಸಿ, ಮಗುವಿಗೆ ಒಂದು ವಾಕ್ಯ ಸ್ವಂತವಾಗಿ ಬಾರದಿದ್ದಾಗ ತಪ್ಪನ್ನು ಅಜ್ಜಿಯ ತಲೆಗೆ ಕಟ್ಟುವುದು ನಮ್ಮ ಜಿಲ್ಲೆಗಳಲ್ಲಿ ಒಂದು ಚಾಳಿಯಾಗಿಬಿಟ್ಟಿದೆ. ಕನ್ನಡದಲ್ಲಿ ಮಾತಾಡಿದ ಮಕ್ಕಳಿಂದ ಐದು, ಹತ್ತು ರೂಪಾಯಿ ದಂಡ ವಸೂಲು ಮಾಡುವ ಶಾಲೆಗಳನ್ನು ನಾನು ಬಲ್ಲೆ. ಆ ದಂಡದ ಲೆಕ್ಕವನ್ನು ಕಚೇರಿಯ ಗುಮಾಸ್ತರು ಬರೆದುಕೊಳ್ಳುವುದು ಮಾತ್ರ ಕನ್ನಡದಲ್ಲೇ!

ಅತ್ತೆಯವರು ರಾತ್ರಿ ತುಳುವಿನಲ್ಲಿ ಕತೆ ಹೇಳಲಿ, ಮಗಳು ಅದನ್ನು ಶಾಲೆಯಲ್ಲಿ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಲಿ. ಆ ಕತೆಯನ್ನು ಕನ್ನಡ ಲಿಪಿಯಲ್ಲಿ ಬರೆದು ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ. ಇನ್ನೊಂದು ಮಾತು, ಬೇಸರಿಸಬೇಡಿ: ಎರಡು ಪುಟದ ಪತ್ರವನ್ನು ಮುತ್ತಿನಂಥ ಕನ್ನಡದಲ್ಲಿ ಬರೆದು ಕೊನೆಯಲ್ಲಿ ಸಹಿಯನ್ನು ಇಂಗ್ಲಿಷಿನಲ್ಲಿ ಹಾಕಿದ್ದೀರಿ.